ಮನೆಯಲ್ಲೇ ಕೂತು ಡಿಸೈನ್: ಅಂಗಡಿಯ ಲೇಬಲ್, ಬೋರ್ಡು, ಕರಪತ್ರದ ಹಿಂದೆ ಒಂದು ದಿನದಲ್ಲಿ ಏನೆಲ್ಲ ನಡೆಯುತ್ತದೆ?

ಶಿರಸಿ: ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿಯ ಲೇಬಲ್, ಹೊಸ ಅಂಗಡಿಯ ಬೋರ್ಡು, ಮದುವೆ ಕಾಗದ, ಯಕ್ಷಗಾನದ ಕರಪತ್ರ. ಇವೆಲ್ಲ ಪ್ರಿಂಟಿಂಗ್ ಪ್ರೆಸ್ಸಿನಲ್ಲೇ ಹುಟ್ಟುತ್ತವೆ ಎಂದು ತಿಳಿದವರು ಇನ್ನೂ ಇದ್ದಾರೆ. ಆದರೆ ಎಷ್ಟೋ ಸಲ ಪ್ರೆಸ್ಸಿಗೆ ಹೋಗುವ ಮೊದಲೇ ಇವು ಯಾರದೋ ಮನೆಯ ಒಂದು ಕೋಣೆಯಲ್ಲಿ, ಒಂದು ಕಂಪ್ಯೂಟರ್ ಮತ್ತು ಒಂದು ಯುಪಿಎಸ್ ಎದುರು ತಯಾರಾಗಿರುತ್ತವೆ. ಕಂಪನಿಯ ಸಂಬಳ ಇಲ್ಲ, ಅಂಗಡಿಯ ಬಾಡಿಗೆ ಇಲ್ಲ, ಬಂದ ಕೆಲಸಕ್ಕೆ ಬಂದಷ್ಟು ದುಡ್ಡು. ಇದಕ್ಕೇ ಫ್ರೀಲ್ಯಾನ್ಸ್ ಡಿಸೈನಿಂಗ್ ಅನ್ನುವುದು.

"ಮನೆಯಲ್ಲೇ ಇರ್ತಾರಲ್ಲ, ಹತ್ತು ನಿಮಿಷದ ಕೆಲಸ" ಎಂಬ ಮಾತು ಈ ಕಸುಬಿನವರಿಗೆ ದಿನಾ ಕೇಳಿಸುತ್ತದೆ. ದಿನದ ಲೆಕ್ಕ ಹಾಕಿದರೆ ಬೇರೆಯೇ ಚಿತ್ರ ಸಿಗುತ್ತದೆ. ಚಿತ್ರ-ಅಕ್ಷರ ಕೂಡಿಸುವ ಕೆಲಸ ಸುಮಾರು ಅರ್ಧ ದಿನದ್ದು. ಉಳಿದ ಅರ್ಧ ಹೋಗುವುದು ಮಾಹಿತಿ ಕೇಳುವುದಕ್ಕೆ, ತಿದ್ದುವುದಕ್ಕೆ, ಪ್ರೆಸ್ಸಿನವರ ಜೊತೆ ಮಾತಾಡುವುದಕ್ಕೆ, ಬಾಕಿ ವಸೂಲಿಗೆ. ಈ ಉಳಿದರ್ಧ ಸರಿಯಾಗಿ ನಡೆಯದಿದ್ದರೆ ನಷ್ಟ ಡಿಸೈನರ್‌ಗೆ ಮಾತ್ರ ಆಗುವುದಿಲ್ಲ, ಅಂಗಡಿಯವರಿಗೂ ಆಗುತ್ತದೆ. ಒಂದು ಸಾಮಾನ್ಯ ಕೆಲಸದ ದಿನ ಹೇಗಿರುತ್ತದೆ, ಅದರಲ್ಲಿ ಗಿರಾಕಿಗಳು ತಿಳಿದಿರಬೇಕಾದ್ದೇನು ಎಂಬುದರ ವಿವರ ಇಲ್ಲಿದೆ.

ಬೆಳಿಗ್ಗೆ: ಮೊದಲು ಫೋನು, ಆಮೇಲೆ ಕಂಪ್ಯೂಟರ್

ಬೆಳಿಗ್ಗೆ ಏಳೆಂಟು ಗಂಟೆಗೇ ವಾಟ್ಸಾಪ್ ತುಂಬಿರುತ್ತದೆ. ರಾತ್ರಿ ಬಂದ ಫೋಟೋ, ಧ್ವನಿ ಸಂದೇಶ, ಕೈಬರಹದ ಚೀಟಿ. ಯಕ್ಷಗಾನದ ಕರಪತ್ರವಾದರೆ ಪ್ರಸಂಗದ ಹೆಸರು, ಸ್ಥಳ, ಸಮಯ, ಹಿಮ್ಮೇಳದಲ್ಲಿ ಭಾಗವತರು, ಮದ್ದಳೆ, ಚಂಡೆ, ಮುಮ್ಮೇಳದ ಕಲಾವಿದರು, ಪ್ರಾಯೋಜಕರು, ಸ್ವಾಗತ ಕೋರುವವರು ಇಷ್ಟೂ ಬೇಕು. ಇಷ್ಟೂ ಒಂದೇ ಸಂದೇಶದಲ್ಲಿ ಬಂದರೆ ಅದೃಷ್ಟ. ಸಾಮಾನ್ಯವಾಗಿ ಅರ್ಧ ಇಂದು, ಕಾಲು ನಾಳೆ, ಉಳಿದದ್ದು "ಪ್ರಿಂಟಿಗೆ ಕೊಡೂಕಿಂತ ಮೊದ್ಲು ಹೇಳ್ತೆ" ಎಂದು ಬಾಕಿ. ಕಲಾವಿದರ ಹೆಸರು ಮೇಲೆ ಕೆಳಗೆ ಆದರೂ ಮುನಿಸು, ಪ್ರಾಯೋಜಕರ ಹೆಸರಿನ ಮುಂದೆ 'ಶ್ರೀ' ಬಿಟ್ಟುಹೋದರೂ ಮುನಿಸು.

ಹಾಗಾಗಿ ದಿನದ ಮೊದಲ ಒಂದೆರಡು ಗಂಟೆ ಇವರು ಮಾಡುವುದು ಒಂದೇ ಕೆಲಸ: ಯಾವುದಕ್ಕೆ ಏನು ಬಂದಿದೆ, ಏನು ಬಾಕಿ ಇದೆ, ಯಾವುದು ಯಾವಾಗ ಪ್ರೆಸ್ಸಿಗೆ ಹೋಗಬೇಕು ಎಂದು ಪಟ್ಟಿ ಮಾಡುವುದು. ಈ ಹೊತ್ತಿಗೆ ಯಾರೂ ದುಡ್ಡು ಕೊಡುವುದಿಲ್ಲ. ಆದರೆ ಇಲ್ಲಿ ತಪ್ಪಿದರೆ ಮುಂದೆ ಎಲ್ಲವೂ ತಪ್ಪುತ್ತದೆ.

ಒಂಬತ್ತರಿಂದ ಮಧ್ಯಾಹ್ನ: ನಿಜವಾದ ಡಿಸೈನ್ ಕೆಲಸ

ಮನೆಯವರು ಅವರವರ ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋದ ಮೇಲೆ ಸಿಗುವ ಮೂರು-ನಾಲ್ಕು ಗಂಟೆಯೇ ಈ ಕಸುಬಿನ ಬಂಗಾರದ ಹೊತ್ತು. ಹೊಸ ಲೋಗೋ, ಹೊಸ ಲೇಬಲ್‌ನಂಥ ತಲೆ ಓಡಿಸಬೇಕಾದ ಕೆಲಸವನ್ನು ಇದೇ ಹೊತ್ತಿಗೆ ಇಟ್ಟುಕೊಳ್ಳುತ್ತಾರೆ. ಕೋರೆಲ್‌ಡ್ರಾ, ಫೋಟೋಶಾಪ್, ಇಲ್ಲಸ್ಟ್ರೇಟರ್ ಇವರ ಮುಖ್ಯ ಸಾಫ್ಟ್‌ವೇರ್‌ಗಳು. ದುಡ್ಡು ಕೊಡದೆ ಬಳಸಬಹುದಾದ ಇಂಕ್‌ಸ್ಕೇಪ್, ಗಿಂಪ್ ಕೂಡ ಇವೆ.

ಮಳೆಗಾಲದಲ್ಲಿ ಕರೆಂಟಿನ ಮೇಲೂ ಒಂದು ಕಣ್ಣು ಇಡಬೇಕು. ಘಟ್ಟದ ಮೇಲೆ ಗಾಳಿ ಜೋರಾದರೆ ಮರ ಬಿದ್ದು ಲೈನ್ ಹೋಗುವುದು ಹೊಸತಲ್ಲ. ಯುಪಿಎಸ್ ಕೊಡುವುದು ಫೈಲ್ ಸೇವ್ ಮಾಡಿ ಕಂಪ್ಯೂಟರ್ ಬಂದ್ ಮಾಡುವಷ್ಟು ಸಮಯ. ಇನ್ವರ್ಟರ್ ಇದ್ದವರಿಗೆ ಇನ್ನೊಂದಿಷ್ಟು ಹೊತ್ತು. ಹಳ್ಳಿಗಳಲ್ಲಿ ಕರೆಂಟಿನ ಜೊತೆ ನೆಟ್ಟೂ ಹೋದರೆ, ಪೆನ್‌ಡ್ರೈವ್‌ನಲ್ಲಿ ಫೈಲ್ ಹಾಕಿಕೊಂಡು ಪೇಟೆಗೆ ಬರುವುದೇ ದಾರಿ.

ಕನ್ನಡ ಅಕ್ಷರ ಯಾಕೆ ಒಡೆಯುತ್ತದೆ?

ಕನ್ನಡದ ಡಿಸೈನರ್‌ಗಳಿಗೆ ಇನ್ನೊಂದು ತಲೆನೋವಿದೆ. ಮೊಬೈಲಿನಲ್ಲಿ ನಾವು ಟೈಪ್ ಮಾಡುವ ಕನ್ನಡ ಯೂನಿಕೋಡ್ ಎಂಬ ಪದ್ಧತಿಯದ್ದು. ಅದರಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಖ್ಯೆ ಇದೆ, ಯಾವ ಫೋನಿನಲ್ಲಿ ತೆರೆದರೂ ಕನ್ನಡವೇ ಕಾಣುತ್ತದೆ. ಆದರೆ ಡಿಟಿಪಿ ಮತ್ತು ಪ್ರೆಸ್‌ಗಳಲ್ಲಿ ವರ್ಷಗಟ್ಟಲೆ ಬಳಕೆಯಲ್ಲಿರುವ ನುಡಿ, ಶ್ರೀಲಿಪಿಯ ಹಳೆಯ ಫಾಂಟುಗಳು ಹಾಗಲ್ಲ. ಅವುಗಳಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಕಾಣುತ್ತವೆ.

ವಾಟ್ಸಾಪಿನಲ್ಲಿ ಬಂದ ಯೂನಿಕೋಡ್ ಬರಹವನ್ನು ಹಳೆಯ ಆವೃತ್ತಿಯ ಸಾಫ್ಟ್‌ವೇರ್‌ಗೆ ಅಂಟಿಸಿದರೆ ಒತ್ತಕ್ಷರ ಬಿಡಿಬಿಡಿಯಾಗುತ್ತದೆ. ಆಗ ಪರಿವರ್ತಕದಲ್ಲಿ ಹಾಕಿ ನುಡಿಗೆ ಬದಲಿಸಬೇಕು, ಬದಲಿಸಿದ ಮೇಲೆ ಒಂದೊಂದೇ ಪದ ನೋಡಬೇಕು. ಸ್ವರ್ಣವಲ್ಲಿ, ಧರ್ಮಸ್ಥಳದಂಥ ಪದಗಳಲ್ಲಿ ಅರ್ಕಾವೊತ್ತು ಸರಿಯಾದ ಜಾಗದಲ್ಲಿ ಕೂತಿದೆಯೇ, ಒತ್ತು ತಪ್ಪಿಲ್ಲವೇ ಎಂದು ಕಣ್ಣಿಟ್ಟು ಓದಬೇಕು. ಒಂದು ಪುಟದ ಕರಪತ್ರಕ್ಕೂ ಇದಕ್ಕೆ ಅರ್ಧ ಗಂಟೆ ಬೇಕಾಗುವುದುಂಟು. ಈಚಿನ ಆವೃತ್ತಿಗಳಲ್ಲಿ ಯೂನಿಕೋಡ್ ನೇರವಾಗಿ ಕೂರುತ್ತದೆ. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮದಂಥ ಉಚಿತ ಯೂನಿಕೋಡ್ ಫಾಂಟುಗಳೂ ಇವೆ. ಆದರೂ ಫೈಲ್ ಹೋಗುವ ಪ್ರೆಸ್ಸಿನಲ್ಲಿ ಹಳೆಯ ಆವೃತ್ತಿ ಇದ್ದರೆ ಕಥೆ ಮತ್ತೆ ಅಲ್ಲಿಗೇ ಬರುತ್ತದೆ. ಅದಕ್ಕೇ ಕೊನೆಗೆ ಅಕ್ಷರಗಳನ್ನೆಲ್ಲ ಚಿತ್ರದ ಗೆರೆಗಳಾಗಿ ಬದಲಿಸಿ ಕಳಿಸುತ್ತಾರೆ. ಹಾಗೆ ಬದಲಿಸಿದ ಮೇಲೆ ಒಂದು ಅಕ್ಷರ ತಿದ್ದಬೇಕೆಂದರೂ ಮೂಲ ಫೈಲಿಗೇ ಹೋಗಬೇಕು.

"ಮೊಬೈಲಿನಲ್ಲಿ ಚಂದ ಕಾಣ್ತದಲ್ಲ?"

ಗಿರಾಕಿಗಳು ಕಳಿಸುವ ಫೋಟೋ ಫೋನಿನಲ್ಲಿ ಚಂದವೇ ಕಾಣುತ್ತದೆ. ಕಾಗದದ ಮೇಲೆ ಅಚ್ಚಾಗಲು ಪ್ರತಿ ಇಂಚಿಗೆ ಸುಮಾರು 300 ಚುಕ್ಕಿ ಬೇಕು. ಅಂದರೆ 4 ಇಂಚು ಅಗಲದ ಲೇಬಲ್ ತುಂಬುವ ಚಿತ್ರ 1,200 ಚುಕ್ಕಿ ಅಗಲ ಇರಬೇಕು. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದಾಗ ಅದರ ಗಾತ್ರ ಕುಗ್ಗುತ್ತದೆ. ಅದೇ ಫೋಟೋವನ್ನು 'ಡಾಕ್ಯುಮೆಂಟ್' ಆಗಿ ಕಳಿಸಿದರೆ ಮೂಲ ಹಾಗೇ ಸಿಗುತ್ತದೆ. ದೂರದಿಂದ ನೋಡುವ ದೊಡ್ಡ ಬ್ಯಾನರಿಗೆ ಇಂಚಿಗೆ ಇಷ್ಟು ಚುಕ್ಕಿ ಬೇಡ, ಕಡಿಮೆಯೂ ಸಾಕು.

ಬಣ್ಣದ್ದು ಇನ್ನೊಂದು ಕಥೆ. ಫೋನಿನ ಪರದೆ ಕೆಂಪು, ಹಸಿರು, ನೀಲಿ ಬೆಳಕು ಬೆರೆಸಿ ಬಣ್ಣ ತೋರಿಸುತ್ತದೆ. ಪ್ರೆಸ್ಸು ನೀಲಿ, ಗುಲಾಬಿ, ಹಳದಿ, ಕಪ್ಪು ಶಾಯಿ ಬೆರೆಸುತ್ತದೆ. ಪರದೆಯಲ್ಲಿ ಹೊಳೆಯುವ ಎಳೆ ಹಸಿರು ಕಾಗದದ ಮೇಲೆ ಸ್ವಲ್ಪ ಮಂಕಾಗುವುದು ಇದೇ ಕಾರಣಕ್ಕೆ. ಡಿಸೈನರ್ ಮೋಸ ಮಾಡಿದ್ದೂ ಅಲ್ಲ, ಪ್ರೆಸ್ಸಿನವರು ಶಾಯಿ ಉಳಿಸಿದ್ದೂ ಅಲ್ಲ.

ಈಗ ಎಐ ಆ್ಯಪ್‌ನಲ್ಲಿ ಮಾಡಿದ ಚಿತ್ರ ತಂದು "ಇದನ್ನೇ ಹಾಕಿ" ಅನ್ನುವವರೂ ಇದ್ದಾರೆ. ಮಾದರಿಯಾಗಿ ತೋರಿಸಲು ಅದು ಒಳ್ಳೆಯದೇ. ಆದರೆ ಅಂಥ ಚಿತ್ರದೊಳಗಿನ ಕನ್ನಡ ಅಕ್ಷರ ಎಷ್ಟೋ ಸಲ ತಪ್ಪಾಗಿರುತ್ತದೆ, ಅಚ್ಚಿಗೆ ಬೇಕಾದ ಗಾತ್ರವೂ ಇರುವುದಿಲ್ಲ. ಹಾಗಾಗಿ ಅದನ್ನು ನೋಡಿಕೊಂಡು ಮತ್ತೆ ಬರೆಯಲೇಬೇಕಾಗುತ್ತದೆ.

ಮಧ್ಯಾಹ್ನ: 'ಸ್ವಲ್ಪ ಚೇಂಜ್ ಅಷ್ಟೇ'

ಊಟದ ನಂತರ ಪ್ರೂಫ್ ಕಳಿಸುವ ಹೊತ್ತು. ಅಂಗಡಿಯವರಿಗೂ ಆಗಲೇ ಸ್ವಲ್ಪ ಬಿಡುವು. ಇಲ್ಲಿಂದ ತಿದ್ದುಪಡಿ ಶುರು. ಅಣ್ಣ ಹೇಳಿದ ಬಣ್ಣ ತಮ್ಮನಿಗೆ ಸೇರುವುದಿಲ್ಲ, ತಮ್ಮ ಒಪ್ಪಿದ್ದು ಅತ್ತಿಗೆಗೆ ಬೇಡ. "ಇದೊಂದು ಸಲ ಮಾಡ್ಕೊಡು ಮಾರಾಯ, ಸ್ವಲ್ಪ ಚೇಂಜ್ ಅಷ್ಟೇ" ಎನ್ನುವ ಮಾತು ನಾಲ್ಕೈದು ಸಲ ಬಂದರೆ ದಿನವೇ ಮುಗಿಯುತ್ತದೆ.

ಲೆಕ್ಕಕ್ಕಾಗಿ ಒಂದು ಉದಾಹರಣೆ ತೆಗೆದುಕೊಳ್ಳಬಹುದು. ಒಂದು ಲೇಬಲ್‌ಗೆ ₹1,500 ಎಂದು ಮಾತಾಯಿತು ಎಂದಿಟ್ಟುಕೊಳ್ಳಿ. ಮಾಹಿತಿ ಕೇಳಿ ಕಲೆಹಾಕಲು 1 ಗಂಟೆ, ಡಿಸೈನಿಗೆ 2 ಗಂಟೆ, ತಿದ್ದುಪಡಿಗೆ 2 ಗಂಟೆ, ಪ್ರೆಸ್ಸಿಗೆ ಫೈಲ್ ತಯಾರಿಸಲು ಅರ್ಧ ಗಂಟೆ. ಒಟ್ಟು ಐದೂವರೆ ಗಂಟೆ, ಗಂಟೆಗೆ ಸುಮಾರು ₹270. ತಿದ್ದುಪಡಿ ಇನ್ನೂ 4 ಗಂಟೆ ಹೆಚ್ಚಾದರೆ ಅದು ಗಂಟೆಗೆ ಸುಮಾರು ₹158ಕ್ಕೆ ಇಳಿಯುತ್ತದೆ. ಇದರಲ್ಲೇ ಕಂಪ್ಯೂಟರಿನ ಕಂತು, ಸಾಫ್ಟ್‌ವೇರ್ ಬಾಡಿಗೆ, ಕರೆಂಟ್, ನೆಟ್ ಎಲ್ಲ ಬರಬೇಕು. ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ಜ್ವರ ಬಂದ ದಿನ ಸಂಪಾದನೆಯೂ ಇಲ್ಲ.

ಅದಕ್ಕೇ ಈಗ ಹಲವರು "ಎರಡು ಸಲದ ತಿದ್ದುಪಡಿ ರೇಟಿನಲ್ಲೇ ಸೇರಿದೆ, ಮೂರನೆಯದಕ್ಕೆ ಬೇರೆ" ಎಂದು ಮೊದಲೇ ಹೇಳಿಬಿಡುತ್ತಾರೆ. ಇದು ಗಿರಾಕಿಗೂ ಅನುಕೂಲವೇ. ಮನೆಯವರೆಲ್ಲ ಒಟ್ಟಿಗೆ ಕೂತು ಒಂದೇ ಪಟ್ಟಿಯಲ್ಲಿ ತಿದ್ದುಪಡಿ ಬರೆದು ಕೊಟ್ಟರೆ ದುಡ್ಡೂ ಉಳಿಯುತ್ತದೆ, ಎರಡು ದಿನವೂ ಉಳಿಯುತ್ತದೆ.

ಲೇಬಲ್ ಅಂದರೆ ಬರೀ ಚಂದ ಅಲ್ಲ

ತಾಲ್ಲೂಕಿನಲ್ಲಿ ಹಲಸಿನ ಹಪ್ಪಳ, ಉಪ್ಪಿನಕಾಯಿ, ಮುರುಗಲ ಶರಬತ್ತು, ಜೇನುತುಪ್ಪ ಮನೆಯಲ್ಲೇ ಮಾಡಿ ಮಾರುವವರು ಬಹಳ. ಅವರ ಲೇಬಲ್‌ನಲ್ಲಿ ಹೂವಿನ ಚಿತ್ರ ಇಲ್ಲದಿದ್ದರೂ ನಡೆಯುತ್ತದೆ, ಕೆಲವು ವಿವರ ಇಲ್ಲದಿದ್ದರೆ ನಡೆಯುವುದಿಲ್ಲ. ಪ್ಯಾಕ್ ಮಾಡಿ ಮಾರುವ ಸರಕಿಗೆ ಅನ್ವಯಿಸುವ 2011ರ ಕಾನೂನು ಮಾಪನ ನಿಯಮ ಮತ್ತು ಆಹಾರ ಸುರಕ್ಷತೆಯ ನಿಯಮಗಳ ಪ್ರಕಾರ ಮುಖ್ಯವಾಗಿ ಬೇಕಾದವು ಇವು:

- ಪದಾರ್ಥದ ಹೆಸರು, ತಯಾರಿಸಿದವರ ಹೆಸರು ಮತ್ತು ವಿಳಾಸ
- ನಿವ್ವಳ ತೂಕ ಅಥವಾ ಅಳತೆ
- ತಯಾರಿಕೆಯ ದಿನಾಂಕ, ಎಷ್ಟು ದಿನದೊಳಗೆ ಬಳಸಬೇಕು ಎಂಬ ವಿವರ
- ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ
- ಬಳಸಿದ ಸಾಮಗ್ರಿಗಳ ಪಟ್ಟಿ
- 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ
- ಸಸ್ಯಾಹಾರವಾದರೆ ಹಸಿರು ಚೌಕದೊಳಗೆ ಹಸಿರು ಚುಕ್ಕೆ
- ಗ್ರಾಹಕರು ದೂರು ಹೇಳಲು ಫೋನ್ ಮತ್ತು ಇ-ಮೇಲ್

ಅನುಭವ ಇರುವ ಡಿಸೈನರ್ ಇವನ್ನೆಲ್ಲ ತಾವೇ ಕೇಳಿ ಹಾಕುತ್ತಾರೆ. ಆದರೆ ಎಫ್‌ಎಸ್‌ಎಸ್‌ಎಐ ಸಂಖ್ಯೆಯ ಒಂದು ಅಂಕಿ ತಪ್ಪಿದೆಯೇ, ತೂಕ ಸರಿ ಇದೆಯೇ ಎಂದು ಹೇಳಬಲ್ಲವರು ಮಾರುವವರೇ. ಸಾವಿರ ಲೇಬಲ್ ಅಚ್ಚಾದ ಮೇಲೆ ತಪ್ಪು ಕಂಡರೆ ಸಾವಿರವೂ ರದ್ದಿಗೆ.

ಅಂಗಡಿ ಬೋರ್ಡಿಗೂ ನಿಯಮ ಇದೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಆದ ತಿದ್ದುಪಡಿಯಂತೆ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಇಂಗ್ಲಿಷ್ ಹೆಸರು ದೊಡ್ಡದಾಗಿ, ಕನ್ನಡ ಮೂಲೆಯಲ್ಲಿ ಚಿಕ್ಕದಾಗಿ ಎಂದು ಡಿಸೈನ್ ಕೇಳಿದರೆ ಮುಂದೆ ಬೋರ್ಡನ್ನೇ ಬದಲಿಸಬೇಕಾದೀತು. ಬ್ಯಾನರಿನ ವಿಷಯದಲ್ಲಿ, 100 ಮೈಕ್ರಾನ್‌ಗಿಂತ ತೆಳುವಾದ ಪ್ಲಾಸ್ಟಿಕ್ ಅಥವಾ ಪಿವಿಸಿ ಬ್ಯಾನರಿಗೆ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧ ಇದೆ. ಬಟ್ಟೆಯ ಬ್ಯಾನರ್ ಆದೀತೇ ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಚುನಾವಣೆ ಬಂದಾಗ ಕರಪತ್ರ, ಪೋಸ್ಟರಿನ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು.

ಸಂಜೆ: ಪ್ರೆಸ್ಸಿನ ಗಡಿಬಿಡಿ

ಸಂಜೆ ಐದರ ನಂತರ ಫೈಲ್‌ಗಳು ಪ್ರೆಸ್ಸಿಗೆ ಹೊರಡುತ್ತವೆ. ಕೆಲವು ಇಲ್ಲೇ ಪೇಟೆಯಲ್ಲಿ, ಕೆಲವು ಹುಬ್ಬಳ್ಳಿಗೆ. ಅಂಚು ಕತ್ತರಿಸುವಾಗ ಬಿಳಿ ಗೆರೆ ಕಾಣಬಾರದೆಂದು ಸುತ್ತ ಸಾಮಾನ್ಯವಾಗಿ 3 ಮಿ.ಮೀ. ಹೆಚ್ಚು ಬಿಟ್ಟು ಪಿಡಿಎಫ್ ಮಾಡುತ್ತಾರೆ. ಆಫ್‌ಸೆಟ್ ಮುದ್ರಣವಾದರೆ ನಾಲ್ಕು ಬಣ್ಣಕ್ಕೆ ನಾಲ್ಕು ಪ್ಲೇಟ್. ಪ್ಲೇಟ್ ಆದ ಮೇಲೆ "ಒಂದು ಫೋನ್ ನಂಬರ್ ಬದಲಿಸಿ" ಅಂದರೆ ಹೊಸ ಪ್ಲೇಟಿನ ಖರ್ಚು ಬರುತ್ತದೆ. ಅದನ್ನು ಯಾರು ಕೊಡಬೇಕು? ಜಗಳ ಹುಟ್ಟುವುದು ಇಲ್ಲೇ.

ಇದಕ್ಕೆ ಸುಲಭದ ದಾರಿ ಎಂದರೆ ಕೊನೆಯ ಪ್ರೂಫ್ ನೋಡಿ "ಎಲ್ಲ ಓದಿದ್ದೇನೆ, ಸರಿ ಇದೆ, ಪ್ರಿಂಟ್ ಮಾಡಿ" ಎಂದು ವಾಟ್ಸಾಪಿನಲ್ಲಿ ಬರೆದು ಕಳಿಸುವುದು. ಒಪ್ಪಿಗೆಯ ನಂತರ ಪಠ್ಯದಲ್ಲಿ ಕಂಡ ತಪ್ಪು ಗಿರಾಕಿಯ ಲೆಕ್ಕಕ್ಕೆ, ಒಪ್ಪಿದ ಪ್ರೂಫಿಗಿಂತ ಫೈಲ್ ಬೇರೆ ಹೋಗಿದ್ದರೆ ಡಿಸೈನರ್ ಲೆಕ್ಕಕ್ಕೆ ಎಂದು ಮೊದಲೇ ಮಾತಾಡಿಕೊಂಡರೆ ಮನಸ್ತಾಪ ಇಲ್ಲ. ಬರೀ ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾದರೆ, ನೋಡಿದ್ದೋ ಓದಿದ್ದೋ ತಿಳಿಯುವುದಿಲ್ಲ.

ರಾತ್ರಿ: ಬಿಲ್ಲು, ಬಾಕಿ

ಊಟ ಮುಗಿದ ಮೇಲೆ ಲೆಕ್ಕದ ಪುಸ್ತಕ. ಈ ಕಸುಬಿನ ಸಂಪಾದನೆ ತಿಂಗಳಿಂದ ತಿಂಗಳಿಗೆ ಒಂದೇ ಥರ ಇರುವುದಿಲ್ಲ. ಮದುವೆ, ಉಪನಯನದ ದಿನಗಳು, ದೀಪಾವಳಿ ನಂತರದ ಆಟದ ಕಾಲ, ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ಹೊತ್ತು ಕೆಲಸ ಮೈತುಂಬ. ಆಷಾಢ, ಶ್ರಾವಣದ ಮಳೆಯಲ್ಲಿ ಎಷ್ಟೋ ದಿನ ಫೋನೇ ಬರುವುದಿಲ್ಲ. ಹಾಗಾಗಿ ಜಾತ್ರೆಯಲ್ಲಿ ಮಾಡಿದ ಕೆಲಸದ ದುಡ್ಡು ಮಳೆಗಾಲದವರೆಗೂ ಬಾಕಿ ಉಳಿದರೆ ಮನೆ ನಡೆಸುವುದೇ ಕಷ್ಟ.

ಅರ್ಧ ಮುಂಗಡ, ಉಳಿದದ್ದು ಫೈಲ್ ಪ್ರೆಸ್ಸಿಗೆ ಹೋಗುವ ಮೊದಲು ಎಂಬ ಪದ್ಧತಿ ಇದರಿಂದಲೇ ಬಂದದ್ದು. ಕಾನೂನಿನ ಬೆಂಬಲವೂ ಇದೆ. ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ಡಿಸೈನರ್ ಉಚಿತವಾಗಿ ನೋಂದಾಯಿಸಿಕೊಳ್ಳಬಹುದು. ಹಾಗೆ ನೋಂದಾಯಿಸಿಕೊಂಡವರಿಗೆ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ, ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ, ಇದ್ದರೂ ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಸೇರಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳುವ ಹಕ್ಕು ಇದೆ. ಊರೊಳಗಿನ ವ್ಯವಹಾರದಲ್ಲಿ ಯಾರೂ ಬಡ್ಡಿಯವರೆಗೆ ಹೋಗಲಿಕ್ಕಿಲ್ಲ, ಆದರೆ ನಿಯಮ ಇರುವುದು ಗೊತ್ತಿದ್ದರೆ ಎರಡೂ ಕಡೆಗೆ ಒಳ್ಳೆಯದು.

ಜಿಎಸ್‌ಟಿ ಬಗ್ಗೆಯೂ ಪ್ರಶ್ನೆ ಬರುತ್ತದೆ. ಸೇವೆ ಕೊಡುವವರ ವಾರ್ಷಿಕ ವಹಿವಾಟು ₹20 ಲಕ್ಷ ದಾಟದಿದ್ದರೆ ನೋಂದಣಿ ಕಡ್ಡಾಯ ಇಲ್ಲ. ನೋಂದಣಿ ಇಲ್ಲದವರು ಬಿಲ್ ಕೊಡಬಹುದು, ಆದರೆ ಅದರಲ್ಲಿ ಜಿಎಸ್‌ಟಿ ಸೇರಿಸಿ ವಸೂಲಿ ಮಾಡುವಂತಿಲ್ಲ.

ದುಡ್ಡು ಕೊಟ್ಟ ಮೇಲೆ ಲೋಗೋ ಯಾರದ್ದು?

"ದುಡ್ಡು ಕೊಟ್ಟಿದ್ದು ನಾವು, ಲೋಗೋ ನಮ್ದೇ ಅಲ್ವಾ?" ಇದು ಅಂಗಡಿಯವರ ಸಹಜ ಪ್ರಶ್ನೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಉತ್ತರ ಸ್ವಲ್ಪ ಬೇರೆ ಇದೆ. ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದದ್ದು ಸಾಮಾನ್ಯವಾಗಿ ಮಾಲೀಕನದ್ದು. ದುಡ್ಡು ಕೊಟ್ಟು ತೆಗೆಸಿದ ಫೋಟೋ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದ್ದು. ಆದರೆ ಫ್ರೀಲ್ಯಾನ್ಸ್ ಡಿಸೈನರ್ ಬರೆದ ಲೋಗೋದಂಥ ಕೃತಿಯ ಮೊದಲ ಹಕ್ಕುದಾರರು, ಬರೆದವರೇ. ಅದು ಅಂಗಡಿಯವರಿಗೆ ಬರಬೇಕಾದರೆ ಡಿಸೈನರ್ ಸಹಿ ಇರುವ ಬರಹ ಬೇಕು. ಬರಹದಲ್ಲಿ ಅವಧಿ ಹೇಳದಿದ್ದರೆ ಕಾಯ್ದೆ ಅದನ್ನು 5 ವರ್ಷ ಎಂದೇ ತಿಳಿಯುತ್ತದೆ.

ಹೆದರಬೇಕಾದ್ದೇನೂ ಇಲ್ಲ. ಬಿಲ್ಲಿನ ಕೆಳಗೋ ಒಂದು ಹಾಳೆಯಲ್ಲೋ "ಪೂರ್ತಿ ಹಣ ಬಂದ ಮೇಲೆ ಈ ಲೋಗೋದ ಎಲ್ಲ ಹಕ್ಕು ಕೃತಿಸ್ವಾಮ್ಯದ ಪೂರ್ತಿ ಅವಧಿಗೆ ಇಂಥ ಅಂಗಡಿಗೆ ಸೇರಿದ್ದು" ಎಂದು ಬರೆಸಿ ಇಬ್ಬರೂ ಸಹಿ ಹಾಕಿದರೆ ಗೊಂದಲ ಇರುವುದಿಲ್ಲ. ಜೊತೆಗೆ ಮೂಲ ಫೈಲನ್ನೂ ಕೇಳಿ ಇಟ್ಟುಕೊಳ್ಳಬೇಕು. ಡಿಸೈನರ್ ಊರು ಬಿಟ್ಟು ಬೆಂಗಳೂರಿಗೆ ಹೋದರೆ, ಅವರ ಹಾರ್ಡ್‌ಡಿಸ್ಕ್ ಕೆಟ್ಟರೆ ಅಂಗಡಿಯ ಕೈಯಲ್ಲಿ ಉಳಿಯುವುದು ಮಸುಕಾದ ವಾಟ್ಸಾಪ್ ಚಿತ್ರ ಮಾತ್ರ. ಮೂಲ ಫೈಲಿಗೆ ಕೆಲವರು ಬೇರೆ ರೇಟು ಹೇಳುತ್ತಾರೆ, ಅದನ್ನೂ ಮೊದಲೇ ಕೇಳಿಕೊಳ್ಳಬೇಕು.

ಬ್ರಾಂಡ್ ಬೆಳೆಸುವ ಆಸೆ ಇದ್ದವರು ಟ್ರೇಡ್‌ಮಾರ್ಕ್‌ಗೂ ಅರ್ಜಿ ಹಾಕಬಹುದು. ವ್ಯಕ್ತಿಗಳಿಗೆ ಮತ್ತು ಸಣ್ಣ ಉದ್ದಿಮೆಗಳಿಗೆ ಆನ್‌ಲೈನ್ ಶುಲ್ಕ ಒಂದು ವರ್ಗದ ಸರಕಿಗೆ ₹4,500. ನೋಂದಣಿ ಆದರೆ 10 ವರ್ಷ ಇರುತ್ತದೆ, ಆಮೇಲೆ ನವೀಕರಿಸಬಹುದು. ಗೂಗಲ್‌ನಲ್ಲಿ ಸಿಕ್ಕಿದ ಚಿತ್ರವನ್ನೇ ಲೋಗೋ ಮಾಡಿಕೊಂಡವರಿಗೆ ಈ ದಾರಿ ಸುಲಭ ಇಲ್ಲ, ಯಾಕೆಂದರೆ ಆ ಚಿತ್ರಕ್ಕೆ ಬೇರೆ ಯಾರೋ ಹಕ್ಕುದಾರರು ಇರುತ್ತಾರೆ.

ಕೆಲಸ ಕೊಡುವ ಮೊದಲು

ಡಿಸೈನರ್‌ಗೆ ಫೋನ್ ಮಾಡುವ ಮೊದಲು ಅಂಗಡಿಯವರು ಇಷ್ಟು ತಯಾರಿಟ್ಟುಕೊಂಡರೆ ಕೆಲಸ ಬೇಗ ಆಗುತ್ತದೆ, ಖರ್ಚೂ ಹಿಡಿತದಲ್ಲಿರುತ್ತದೆ:

1. ಎಲ್ಲ ಬರಹ ಒಂದೇ ಸಂದೇಶದಲ್ಲಿ, ಮೊಬೈಲಿನಲ್ಲಿ ಟೈಪ್ ಮಾಡಿ. ಹೆಸರು, ಫೋನ್ ನಂಬರ್ ಎರಡು ಸಲ ನೋಡಿ.
2. ಅಳತೆ ಹೇಳಿ. ಬಾಟಲಿಯಾದರೆ ಸುತ್ತಳತೆ, ಬೋರ್ಡಾದರೆ ಅಡಿ ಲೆಕ್ಕ.
3. ಫೋಟೋ 'ಡಾಕ್ಯುಮೆಂಟ್' ಆಗಿ ಕಳಿಸಿ.
4. ಒಪ್ಪಿಗೆ ಹೇಳುವವರು ಒಬ್ಬರೇ ಇರಲಿ.
5. ರೇಟು, ಎಷ್ಟು ಸಲ ತಿದ್ದುಪಡಿ, ಯಾವ ದಿನಕ್ಕೆ ಬೇಕು, ಮೂಲ ಫೈಲ್ ಸಿಗುತ್ತದೆಯೇ ಎಂಬುದನ್ನು ಮೊದಲೇ ಬರಹದಲ್ಲಿ ಮಾತಾಡಿ.
6. ಕೊನೆಯ ಪ್ರೂಫನ್ನು ಗಟ್ಟಿಯಾಗಿ ಓದಿ, ಆಮೇಲೆ ಒಪ್ಪಿಗೆ ಕೊಡಿ.
7. ತುರ್ತು ಇಲ್ಲದಿದ್ದರೆ ರಾತ್ರಿ ಹತ್ತರ ನಂತರ ಫೋನ್ ಬೇಡ. ಮನೆಯಿಂದ ಕೆಲಸ ಮಾಡುವವರಿಗೂ ಒಂದು ಹೊತ್ತಿಗೆ ಕೆಲಸ ಮುಗಿಯಬೇಕು.